ಕಾಲಿನ ಚಡಪಡಿಕೆಗೆ ಸ್ಲೀಪ್ ಸ್ಟಡಿ: ಕಣಕಾಲಿನ ವೈರು ಇದೆಯೇ ಎಂದು ಮೊದಲು ಕೇಳಿ

ಹಾಸಿಗೆಗೆ ಮೈಯೊಡ್ಡಿದ ಕೂಡಲೇ ಮೀನಖಂಡದೊಳಗೆ ಏನೋ ಹರಿದಾಡಿದಂತಾಗುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ತಗ್ಗುತ್ತದೆ, ಮತ್ತೆ ಮಲಗಿದರೆ ಮತ್ತೆ ಶುರು. ಈ ರೆಸ್ಟ್‌ಲೆಸ್ ಲೆಗ್ಸ್ ತೊಂದರೆಗೆ ರಾತ್ರಿಯಿಡೀ ಮಾಡುವ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯ ಪರೀಕ್ಷೆ, ಎಷ್ಟು ಉಪಯೋಗ ಎಂಬುದನ್ನಷ್ಟೇ ಇಲ್ಲಿ ನೋಡೋಣ.

ರೋಗ ಗುರುತಿಸುವುದಕ್ಕೆ ಸ್ಲೀಪ್ ಸ್ಟಡಿ ಬೇಕಾಗಿಯೇ ಇಲ್ಲ. ಕಾಲು ಆಡಿಸಲೇಬೇಕೆಂಬ ತಡೆಯಲಾಗದ ಒತ್ತಡ, ಸುಮ್ಮನೆ ಕೂತಾಗ ಮಲಗಿದಾಗ ಅದು ಶುರುವಾಗುವುದು ಇಲ್ಲವೇ ಹೆಚ್ಚುವುದು, ಓಡಾಡಿದಾಗ ತಗ್ಗುವುದು, ಸಂಜೆ ರಾತ್ರಿಯೇ ಜೋರಾಗುವುದು, ಸ್ನಾಯು ಹಿಡಿತ ಜೋಮುಗಳಂಥ ಬೇರೆ ಕಾರಣ ಇಲ್ಲದಿರುವುದು: ಈ ಐದೂ ಕೂಡಿದರೆ ಸಾಕು, ವೈದ್ಯರು ಕೂತು ಕೇಳಿದರೇ ತಿಳಿಯುತ್ತದೆ. ಗೊರಕೆ, ನಿದ್ದೆಯಲ್ಲಿ ಉಸಿರು ನಿಲ್ಲುವುದು, ಹಗಲೆಲ್ಲ ತೂಕಡಿಕೆ ಜೊತೆಗಿದ್ದರೆ, ಅಥವಾ ಪಕ್ಕದಲ್ಲಿ ಮಲಗುವವರು 'ರಾತ್ರಿಯೆಲ್ಲ ಕಾಲು ಒದೀತಾರೆ' ಎಂದರೆ ಆಗ ಸ್ಲೀಪ್ ಸ್ಟಡಿಗೆ ಅರ್ಥವಿದೆ.

ಸ್ಲೀಪ್ ಸ್ಟಡಿಗೆಂದು ಮನೆಗೆ ಕೊಟ್ಟು ಕಳಿಸುವ ಕಿಟ್ ಈ ಕೆಲಸಕ್ಕೆ ಬೇಡ. ಮೂಗಿನ ಕೊಳವೆ, ಎದೆಯ ಬೆಲ್ಟು, ಬೆರಳಿನ ಆಕ್ಸಿಮೀಟರ್, ಇಷ್ಟೇ ಸಾಮಾನ್ಯವಾಗಿ ಅದರಲ್ಲಿ ಇರುವುದು. ಉಸಿರಾಟ ನೋಡಲು ಸರಿ. ಮೆದುಳಿನ ಅಲೆಯೂ ಇಲ್ಲ, ಕಾಲಿನ ವೈರೂ ಇಲ್ಲವಾದ್ದರಿಂದ ಕಾಲು ನೂರು ಸಲ ಒದ್ದರೂ ರಿಪೋರ್ಟಿನಲ್ಲಿ ಒಂದು ಗೆರೆಯೂ ಮೂಡುವುದಿಲ್ಲ.

ಲ್ಯಾಬಿನಲ್ಲೇ ಮಲಗಿಸಿ ಮಾಡುವ ಪೂರ್ಣ ಸ್ಲೀಪ್ ಸ್ಟಡಿಯಲ್ಲಿ (ಪಾಲಿಸೋಮ್ನೋಗ್ರಫಿ) ನೋಡಬೇಕಾದ್ದು ಕಣಕಾಲಿನ ಮುಂಭಾಗದ ಸ್ನಾಯುವನ್ನು. ಅದರ ನಡುಭಾಗದಲ್ಲಿ, ಉದ್ದಕ್ಕೆ, 2ರಿಂದ 3 ಸೆಂ.ಮೀ. ಅಂತರದಲ್ಲಿ ಎರಡು ಎಲೆಕ್ಟ್ರೋಡ್ ಅಂಟಿಸಬೇಕು. ಎರಡೂ ಕಾಲಿಗೆ ಬೇರೆ ಬೇರೆ ಚಾನೆಲ್, ಅಂದರೆ ಬೇರೆ ಬೇರೆ ದಾಖಲೆಯ ಗೆರೆ, ಇರಬೇಕು. ಎರಡನ್ನೂ ಒಂದೇ ಚಾನೆಲ್ಲಿಗೆ ಸೇರಿಸಿದರೆ ಒದೆತದ ಎಣಿಕೆ ಕಡಿಮೆ ಬರುತ್ತದೆ. ಚರ್ಮ ಸರಿಯಾಗಿ ಒರೆಸದೆ ಅಂಟಿಸಿದರೆ, ಎಣ್ಣೆ ಹಚ್ಚಿಕೊಂಡು ಹೋದರೆ, ನಡುರಾತ್ರಿ ವೈರು ಸಡಿಲವಾಗಿ ಗೆರೆ ಕೆಡುತ್ತದೆ. ಹೆಚ್ಚು ಒದ್ದಾಡುವವರಲ್ಲೇ ವೈರು ಬೇಗ ಕಳಚುವುದು, ಟೇಪಿನಿಂದ ಭದ್ರ ಮಾಡಲು ಟೆಕ್ನಿಷಿಯನ್‌ಗೆ ಹೇಳಿ.

ಎಣಿಕೆಯ ನಿಯಮವೂ ಬಿಗಿ. ಒಂದು ಅಲುಗಾಟ 0.5ರಿಂದ 10 ಸೆಕೆಂಡ್ ಇರಬೇಕು, ಒಂದರಿಂದೊಂದು 5ರಿಂದ 90 ಸೆಕೆಂಡ್ ದೂರದಲ್ಲಿ ಕನಿಷ್ಠ ನಾಲ್ಕು ಸಾಲಾಗಿ ಬರಬೇಕು. ವಯಸ್ಕರಲ್ಲಿ ಗಂಟೆಗೆ 15 ಮೀರಿದರೆ ಹೆಚ್ಚು ಎನ್ನುತ್ತಾರೆ. ಉಸಿರು ಕಟ್ಟಿದ್ದರಿಂದ ಆದ ಒದೆತವನ್ನು ಇದರಲ್ಲಿ ಸೇರಿಸಬಾರದು. ರಿಪೋರ್ಟಿನಲ್ಲಿ ಇವೆರಡನ್ನು ಬೇರೆ ಮಾಡಿ ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಬೇಕು. ಗೊರಕೆಯ ಕಾಯಿಲೆಗೆ ಕಾಲಿನ ಮಾತ್ರೆ ನುಂಗುವ ಗೊಂದಲ ಹುಟ್ಟುವುದು ಇಲ್ಲೇ. ಇನ್ನೊಂದು ಮಿತಿಯೂ ಇದೆ: ಒದೆತದ ಸಂಖ್ಯೆ ರಾತ್ರಿಯಿಂದ ರಾತ್ರಿಗೆ ಬದಲಾಗುತ್ತದೆ, ಹಾಗಾಗಿ ಒಂದು ರಾತ್ರಿ ಕಡಿಮೆ ಬಂತೆಂದು ರೋಗವೇ ಇಲ್ಲ ಎನ್ನುವಂತಿಲ್ಲ.

ಸಂಶೋಧನೆ ನಡೆಸುವ ಲ್ಯಾಬುಗಳು ಮಲಗುವ ಮುನ್ನ ಇನ್ನೊಂದು ಪರೀಕ್ಷೆ ಮಾಡುತ್ತವೆ. ಹಾಸಿಗೆಯನ್ನು 45 ಡಿಗ್ರಿ ಎತ್ತಿ, ಕಾಲು ಚಾಚಿ, ಎಚ್ಚರವಾಗಿಯೇ ಒಂದು ಗಂಟೆ ಅಲುಗದೆ ಕೂರಿಸಿ ಕಾಲಿನ ಗೆರೆಯನ್ನು ದಾಖಲಿಸುವುದು, ನಡುನಡುವೆ ಕಿರಿಕಿರಿ ಎಷ್ಟಿದೆ ಎಂದು ಅಂಕ ಕೇಳುವುದು. ರೋಗಿಗೆ ಇದು ಹಿಂಸೆ, ನಿಜ. ಆದರೆ ಸಂಜೆಯ ಚಡಪಡಿಕೆಯನ್ನು ಅದು ಬರುವ ಹೊತ್ತಿನಲ್ಲೇ ಹಿಡಿಯುವ ಪರೀಕ್ಷೆ ಇದು. ರಾತ್ರಿಯ ರೆಕಾರ್ಡಿಂಗ್ ಹೇಳುವುದು ನಿದ್ದೆ ಬಂದ ಮೇಲಿನ ಒದೆತವನ್ನು. ಜನ ನರಳುವುದು ನಿದ್ದೆಗೆ ಮುಂಚೆ.

ಸ್ಟಡಿಗೆ ಹೋಗುವಾಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ತಪ್ಪದೆ ಒಯ್ಯಿರಿ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ನಿದ್ದೆ ಬರಿಸುವ ಹಳೆಯ ನೆಗಡಿ ಮಾತ್ರೆಗಳು, ಖಿನ್ನತೆಯ ಕೆಲವು ಮಾತ್ರೆಗಳು ಕಾಲಿನ ತೊಂದರೆಯನ್ನು ಕೆರಳಿಸುತ್ತವೆ. ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ.

ಕಬ್ಬಿಣದ ಕೊರತೆಯಿಂದಲೂ ಈ ತೊಂದರೆ ಬರಬಹುದು, ಹಾಗಾಗಿ ಇಷ್ಟಕ್ಕೆಲ್ಲ ದುಡ್ಡು ಕೊಡುವ ಮೊದಲು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಸಾಗುವ ಕಬ್ಬಿಣದ ಅಳತೆ) ರಕ್ತಪರೀಕ್ಷೆ ಆಗಿರಲೇಬೇಕು. ಬೆಳಗ್ಗೆ ರಕ್ತ ಕೊಡಿ, ಅದಕ್ಕೆ ಮುಂಚಿನ 24 ಗಂಟೆ ಕಬ್ಬಿಣದ ಮಾತ್ರೆ ಬೇಡ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್‌ನ 2025ರ ಮಾರ್ಗಸೂಚಿಯಂತೆ ಫೆರಿಟಿನ್ ಮಿಲಿಲೀಟರಿಗೆ 75 ನ್ಯಾನೋಗ್ರಾಂ ಅಥವಾ ಕೆಳಗಿದ್ದರೆ, ಇಲ್ಲವೇ ಸ್ಯಾಚುರೇಶನ್ 20 ಶೇಕಡಾಕ್ಕಿಂತ ಕಡಿಮೆಯಿದ್ದರೆ, ವಯಸ್ಕರಿಗೆ ಕಬ್ಬಿಣ ಕೊಡುವ ವಿಚಾರ ಮಾಡಬೇಕು. ಲ್ಯಾಬಿನ ಹಾಳೆಯಲ್ಲಿ ಫೆರಿಟಿನ್ 30 ಬಂದರೂ ಸಾಮಾನ್ಯವಾಗಿ 'ನಾರ್ಮಲ್' ಎಂದೇ ಅಚ್ಚಾಗಿರುತ್ತದೆ, ಎಷ್ಟೋ ಜನರ ಚಿಕಿತ್ಸೆ ತಪ್ಪುವುದು ಅಲ್ಲಿಯೇ. ಮೈಯಲ್ಲಿ ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ, ಜ್ವರ ಬಿಟ್ಟ ಮೇಲೆ ಮಾಡಿಸಿ. ವೈದ್ಯರು ಮಾತ್ರೆ ಬರೆದುಕೊಟ್ಟರೆ ಕಾಫಿ, ಚಹಾ, ಹಾಲಿನ ಜೊತೆ ನುಂಗಬೇಡಿ. ನಿಂಬೆಹಣ್ಣಿನ ಪಾನಕ ಒಳ್ಳೆಯದು.