ಬೂಟ್‌ಸ್ಟ್ರಾಪ್, ಟೇಲ್‌ವಿಂಡ್, ಬರೀ ಸಿಎಸ್‌ಎಸ್: ಕನ್ನಡದ ಪುಟಕ್ಕೆ ನನ್ನ ಆಯ್ಕೆ

ಶಿರಸಿ, ಯಲ್ಲಾಪುರ, ಕುಮಟಾ ಕಡೆಯ ಹೋಂಸ್ಟೇಗಳಿಗೆ, ಉಪ್ಪಿನಕಾಯಿ, ಜೋನಿಬೆಲ್ಲ ಮಾರುವ ಮನೆಗಳಿಗೆ ನಾನು ವೆಬ್‌ಸೈಟ್ ಮಾಡಿಕೊಡುತ್ತೇನೆ. ನಾಲ್ಕೈದು ಪುಟ, ಒಂದಿಷ್ಟು ಫೋಟೋ, ಒಂದು ವಾಟ್ಸಾಪ್ ಬಟನ್. ಪುಟದ ಬಣ್ಣ, ಅಕ್ಷರದ ಗಾತ್ರ, ಜೋಡಣೆಯನ್ನೆಲ್ಲ ಹೇಳುವ ಭಾಷೆ ಸಿಎಸ್‌ಎಸ್. ಅದನ್ನು ಮೊದಲಿಂದ ಬರೆಯದೆ ಕೆಲಸ ಮಾಡಲು ಸಿಗುವ ಸಿದ್ಧ ಚೌಕಟ್ಟುಗಳು, ಅಂದರೆ ಫ್ರೇಮ್‌ವರ್ಕುಗಳು, ಬೂಟ್‌ಸ್ಟ್ರಾಪ್ ಮತ್ತು ಟೇಲ್‌ವಿಂಡ್. ಈ ಕೆಲಸಕ್ಕೆ ಮೂರನ್ನೂ ಬಳಸಿದ್ದೇನೆ. ಈಗ ಹೊಸ ಕೆಲಸ ಬಂದರೆ ಖಾಲಿ ಸ್ಟೈಲ್‌ಶೀಟ್, ಅಂದರೆ ಬರೀ ಸಿಎಸ್‌ಎಸ್ ಫೈಲ್, ತೆರೆದೇ ಶುರು ಮಾಡುತ್ತೇನೆ. ದೊಡ್ಡ ಕಾರಣ ಒಂದೇ. ನನ್ನ ಪುಟಗಳು ಕನ್ನಡದಲ್ಲಿರುತ್ತವೆ.

ಉಪ್ಪಿನಕಾಯಿ ಮಾಡುವ ಅಕ್ಕ ಒಬ್ಬರ ಸೈಟನ್ನು ಟೇಲ್‌ವಿಂಡ್ 3ರಲ್ಲಿ ಮಾಡಿದ್ದೆ. ಮೇಲೆ ದೊಡ್ಡದಾಗಿ ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂದು ಶೀರ್ಷಿಕೆ. ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಅವರ ಮಗ ಲ್ಯಾಪ್‌ಟಾಪಿನಲ್ಲಿ ತೆರೆದರೆ ‘ಪ್ಪ’ದ ಕೆಳಗಿನ ಒತ್ತು ಅರ್ಧಕ್ಕೇ ಕತ್ತರಿಸಿಹೋಗಿದೆ! “ತಮಾ, ಒತ್ತು ಎಲ್ಲಿ ಹೋತು?” ಎಂದು ಅಕ್ಕ ಕೇಳಿದರು. ತಾವು ಮಾಡಿದ ಉಪ್ಪಿನಕಾಯಿಯ ಹೆಸರೇ ತಪ್ಪಾಗಿ ಕಂಡರೆ ಯಾರಿಗಾದರೂ ಬೇಜಾರಾಗುತ್ತದೆ, ಅಲ್ವಾ?

ಟೇಲ್‌ವಿಂಡ್‌ನಲ್ಲಿ ಅಕ್ಷರದ ಗಾತ್ರಕ್ಕೆ ಕ್ಲಾಸ್ (ರೂಪ ಹೇಳುವ ಒಂದು ಹೆಸರು) ಹಾಕಿದರೆ ಸಾಲಿನ ಎತ್ತರವೂ ಜೊತೆಗೇ ಬರುತ್ತದೆ. ‘ಟೆಕ್ಸ್ಟ್-5ಎಕ್ಸ್‌ಎಲ್’ ಎಂದರೆ ಸಾಮಾನ್ಯವಾಗಿ 48 ಪಿಕ್ಸೆಲ್ ಅಕ್ಷರ, ಸಾಲಿನ ಎತ್ತರ 1. ಅಂದರೆ ಸಾಲಿಗೂ 48 ಪಿಕ್ಸೆಲ್ ಜಾಗ, ಅಷ್ಟೇ. ಇಂಗ್ಲಿಷಿಗೆ ಸಾಕು. ನಮ್ಮ ಲಿಪಿಯಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ‘ಸ್ತ್ರೀ’, ‘ರಾಷ್ಟ್ರ’ದಂಥ ಪದದಲ್ಲಿ ಎರಡೆರಡು ಒತ್ತು. ಶೀರ್ಷಿಕೆ ಒಂದೇ ಸಾಲಿನಲ್ಲಿ ನಿಲ್ಲಲಿ ಎಂದು ‘ಟ್ರಂಕೇಟ್’ ಕ್ಲಾಸ್ ಸೇರಿಸಿದರೆ, ಪೆಟ್ಟಿಗೆಯಿಂದ ಕೆಳಗೆ ಇಳಿದದ್ದೆಲ್ಲ ಮಾಯ. ಟ್ರಂಕೇಟ್ ಇಲ್ಲದೆ ಎರಡು ಸಾಲಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಹಾಗಾದರೆ ಫೋನಿನಲ್ಲಿ ಯಾಕೆ ಸರಿ ಇತ್ತು? ಸಾಲಿನ ಎತ್ತರ ಹೆಚ್ಚಿಸುವ ‘ಲೀಡಿಂಗ್-ರಿಲ್ಯಾಕ್ಸ್ಡ್’ ಕ್ಲಾಸನ್ನು ನಾನು ಮೊದಲೇ ಹಾಕಿದ್ದೆ. ಸಣ್ಣ ಪರದೆಯಲ್ಲಿ ಅದು ಕೆಲಸ ಮಾಡಿತು. ಆದರೆ 3ನೇ ಆವೃತ್ತಿಯಲ್ಲಿ, ಅಗಲ ಪರದೆಗೆ ಎಂದು ‘ಎಂಡಿ’ ಸೇರಿಸಿ ಬರೆದ ಗಾತ್ರದ ಕ್ಲಾಸ್ ತನ್ನ ಜೊತೆಗಿನ ಆ 1ನ್ನು ಮತ್ತೆ ತಂದು ಕೂರಿಸುತ್ತದೆ. ಹಾಗಾಗಿ ಅಗಲ ಪರದೆಗೂ ಲೀಡಿಂಗ್ ಕ್ಲಾಸನ್ನು ಬೇರೆಯಾಗಿ ಬರೆಯಬೇಕು. ಪ್ರತಿ ಶೀರ್ಷಿಕೆಗೂ ಇದೇ ಕಥೆ. ಇದನ್ನು ಹುಡುಕುವುದರಲ್ಲೇ ಒಂದು ಸಂಜೆ ಹೋಯಿತು.

2025ರ ಜನವರಿಯಲ್ಲಿ ಬಂದ 4ನೇ ಆವೃತ್ತಿಯಲ್ಲಿ ಈ ತೊಡಕು ಇಲ್ಲ. ನಾವು ಹಾಕಿದ ಲೀಡಿಂಗೇ ಗೆಲ್ಲುತ್ತದೆ. ಆದರೆ ಅದಕ್ಕೆ ಕ್ರೋಮ್ 111, ಸಫಾರಿ 16.4, ಫೈರ್‌ಫಾಕ್ಸ್ 128 ಅಥವಾ ಅದಕ್ಕಿಂತ ಹೊಸದು ಬೇಕು. ಐಫೋನ್ 7 ಐಓಎಸ್ 15ಕ್ಕೇ ನಿಂತಿದೆ, ಅದಕ್ಕೆ ಈ ಸಫಾರಿ ಬರುವುದೇ ಇಲ್ಲ. ಅಪ್‌ಡೇಟ್ ಕಾಣದ ಹಳೆಯ ಫೋನುಗಳು ನಮ್ಮ ಕಡೆ ಇನ್ನೂ ಎಷ್ಟೋ ಕೈಗಳಲ್ಲಿವೆ. ಅವರನ್ನು ಬಿಟ್ಟು ನಾನು ಯಾರಿಗೆ ಸೈಟ್ ಮಾಡಲಿ?

ಬರೀ ಸಿಎಸ್‌ಎಸ್‌ನಲ್ಲಿ ಇದು ಒಂದು ನಿಯಮದ ಕೆಲಸ. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನಲ್ಲಿ (ಪುಟದ ಮೂಲ ಬರಹದಲ್ಲಿ) ಹೇಳಿ, ಭಾಷೆ ನೋಡಿ ಆರಿಸುವ ‘ಲ್ಯಾಂಗ್’ ಸೆಲೆಕ್ಟರ್ ಬಳಸಿ, ಕನ್ನಡ ಶೀರ್ಷಿಕೆಗಳಿಗೆಲ್ಲ ಸಾಲಿನ ಎತ್ತರ 1.6 ಎಂದು ಬರೆದರೆ ಮುಗಿಯಿತು. ಅದೇ ಪುಟದ ಇಂಗ್ಲಿಷ್ ಶೀರ್ಷಿಕೆ 1.2ರಲ್ಲೇ ಇರಬಹುದು. ವಿಂಡೋಸ್‌ನಲ್ಲಿ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ನೋಟೋ ಫಾಂಟ್ ಬರುವುದು ಸಾಮಾನ್ಯ. ಎರಡರಲ್ಲೂ ತೆರೆದು ನೋಡಿದೆ, ಒತ್ತು ಪೂರ್ತಿ ಕಂಡಿತು. ಟೇಲ್‌ವಿಂಡ್‌ನ ಥೀಮಿನಲ್ಲೂ ಗಾತ್ರಗಳನ್ನು ತಿದ್ದಬಹುದು, ನಿಜ. ಎಲ್ಲ ಗಾತ್ರವನ್ನೂ ನಾನೇ ಕೂತು ತಿದ್ದುವುದಾದರೆ ಫ್ರೇಮ್‌ವರ್ಕ್ ಯಾಕೆ ಬೇಕು?

ಬೂಟ್‌ಸ್ಟ್ರಾಪ್ ಟ್ವಿಟರ್‌ನಲ್ಲಿ ಹುಟ್ಟಿ 2011ರಲ್ಲಿ ಎಲ್ಲರಿಗೂ ಸಿಕ್ಕಿತು. ಅದರ ಶೀರ್ಷಿಕೆಗಳ ಎತ್ತರ 1.2, ಕನ್ನಡಕ್ಕೆ ಅದೂ ಇಕ್ಕಟ್ಟು. ಇಡೀ ಫೈಲ್ 200 ಕೆಬಿಗೂ ಜಾಸ್ತಿ. ಕುಗ್ಗಿಸಿ ಕಳಿಸಿದರೆ 30ರ ಆಸುಪಾಸು, ಆದರೂ ನನ್ನ ಸ್ಟೈಲ್‌ಶೀಟ್ ಕುಗ್ಗಿಸದೆಯೇ ಅದಕ್ಕಿಂತ ಎಷ್ಟೋ ಸಣ್ಣದು. ಮೇಲಾಗಿ ಯಾರ ಸೈಟ್ ನೋಡಿದರೂ ಒಂದೇ ಥರ.

ಇನ್ನೊಂದು ಕಾರಣ ರಿಪೇರಿ. ಮಳೆಗಾಲ ಮುಗಿಯುತ್ತಿದ್ದಂತೆ ಹೋಂಸ್ಟೇಯವರು ಫೋನ್ ಮಾಡುತ್ತಾರೆ. ಹೊಸ ದರ ಹಾಕಬೇಕು, ಬಣ್ಣ ಬದಲಿಸಬೇಕು. ತಿಂಗಳು ತಿಂಗಳು ದುಡ್ಡು ಕೊಟ್ಟು ನೋಡಿಕೊಳ್ಳಿ ಎನ್ನುವ ಬಜೆಟ್ ಅವರಿಗಿಲ್ಲ. ಬರೀ ಸಿಎಸ್‌ಎಸ್ ಆದರೆ ಫೈಲ್ ತೆರೆದು, ತಿದ್ದಿ, ಅಪ್‌ಲೋಡ್ ಮಾಡುತ್ತೇನೆ. ಟೇಲ್‌ವಿಂಡ್ ಆದರೆ ಹಳೆಯ ಪ್ರಾಜೆಕ್ಟಿನ ಪ್ಯಾಕೇಜುಗಳನ್ನೆಲ್ಲ ಮತ್ತೆ ಇಳಿಸಿಕೊಂಡು ಬಿಲ್ಡ್ ಮಾಡಬೇಕು, ಅಂದರೆ ಸಿಎಸ್‌ಎಸ್ ಫೈಲನ್ನು ಹೊಸದಾಗಿ ತಯಾರಿಸಬೇಕು. ಘಟ್ಟದ ಮೇಲಿನ ನೆಟ್‌ವರ್ಕಿನಲ್ಲಿ, ಕರೆಂಟ್ ಬಂದು ಹೋಗಿ ಮಾಡುವಾಗ, ಇದು ಸಣ್ಣ ಕಷ್ಟ ಅಲ್ಲ. ಈ ಬಿಲ್ಡಿಗೆ ಬೇಕಾಗುವ ನೋಡ್.ಜೆಎಸ್ ಎಂಬ ತಂತ್ರಾಂಶ ಇಲ್ಲದೆ ಓಡುವ ಒಂದೇ ಫೈಲಿನ ಟೂಲ್ ಕೂಡ ಟೇಲ್‌ವಿಂಡ್‌ಗೆ ಇದೆ. ಆದರೂ ಬಿಲ್ಡ್ ತಪ್ಪುವುದಿಲ್ಲ.

ಕಾಲಂ ಜೋಡಿಸುವುದು ಕಷ್ಟ ಎಂಬ ಹಳೆಯ ಮಾತು ಈಗ ನಿಲ್ಲುವುದಿಲ್ಲ. ಕಾಲಂ ಜೋಡಿಸುವ ಸಿಎಸ್‌ಎಸ್‌ನದೇ ಸೌಲಭ್ಯ ‘ಗ್ರಿಡ್’ 2017ರಲ್ಲೇ ಮುಖ್ಯ ಬ್ರೌಸರುಗಳಿಗೆ ಬಂತು.

ಟೇಲ್‌ವಿಂಡ್‌ನ ಒಂದು ಗುಣ ನನಗೆ ನಿಜವಾಗಿ ಇಷ್ಟ. ಕ್ಲಾಸಿಗೆ ಹೆಸರಿಡುವ ತಲೆಬಿಸಿ ಇಲ್ಲ. ಐದಾರು ಜನ ಸೇರಿ ಒಂದೇ ದೊಡ್ಡ ಆ್ಯಪ್ ಬರೆಯುವಲ್ಲಿ ಅದನ್ನೇ ಆರಿಸಿದರೆ ನಾನು ಬೇಡ ಎನ್ನುವುದಿಲ್ಲ. ನಾನು ಒಬ್ಬನೇ, ಸೈಟು ಸಣ್ಣದು, ಹೆಸರಿಡಬೇಕಾದ ಕ್ಲಾಸುಗಳೂ ಕಡಿಮೆ.

ಬೂಟ್‌ಸ್ಟ್ರಾಪನ್ನು ಒಂದು ಕಡೆ ಮಾತ್ರ ಉಳಿಸಿಕೊಂಡಿದ್ದೇನೆ. ಅಡಿಕೆ ವ್ಯಾಪಾರಿ ಒಬ್ಬರಿಗೆ ಮಾಡಿಕೊಟ್ಟ ಲೆಕ್ಕದ ಪುಟ ಅದು. ಬರೀ ಟೇಬಲ್ಲು, ಫಾರ್ಮು. ಅವರೊಬ್ಬರೇ ಅಂಗಡಿಯ ಕಂಪ್ಯೂಟರಿನಲ್ಲಿ ನೋಡುವುದು. ಎಲ್ಲ ರೆಡಿ ಸಿಕ್ಕಿತು, ಬೇಗ ಮುಗಿಯಿತು. ಅದನ್ನು ಬದಲಿಸುವ ಯೋಚನೆ ಸದ್ಯಕ್ಕಿಲ್ಲ.