ನಾಲ್ಕು ವರ್ಷ ಬಳಸಿದ ಮೇಲೆ: ಕೈಯಲ್ಲಿ ಮಾಡಿದ ಜರ್ಮೇನಿಯಂ ಫಝ್ ಪೆಡಲ್ ಮತ್ತು ನಮ್ಮ ಬಿಸಿಲು

ಗಿಟಾರಿನ ಸದ್ದನ್ನು ಒಡೆದು ದಪ್ಪ ಮಾಡುವ, ಕಾಲಲ್ಲಿ ಒತ್ತುವ ಈ ಫಝ್ ಪೆಡಲ್ ಕೊಂಡು ನಾಲ್ಕು ವರ್ಷ ಆಯಿತು. ಇಂಗ್ಲೆಂಡಿನ ಒಂದು ಪುಟ್ಟ ವರ್ಕ್‌ಶಾಪ್‌ನಲ್ಲಿ ಇಬ್ಬರೇ ಕೂತು ಒಂದೊಂದಾಗಿ ಮಾಡಿ ಕಳಿಸುತ್ತಾರೆ. ಹೆಸರು ಬರೆಯುವುದಿಲ್ಲ, ಯಾಕೆಂದರೆ ನನಗೆ ಒಂದು ತಕರಾರೂ ಇದೆ, ಅದು ಅವರೊಬ್ಬರದೇ ತಪ್ಪೂ ಅಲ್ಲ. ಆರ್ಡರ್ ಮಾಡಿ ಐದು ತಿಂಗಳು ಕಾದೆ.

ಒಳಗಿರುವುದು ಫಝ್ ಫೇಸ್ ಸರ್ಕ್ಯೂಟ್. ಲಂಡನ್ನಿನ ಆರ್ಬಿಟರ್ ಕಂಪನಿ 1966ರಲ್ಲಿ ತಂದ, ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಾಲಡಿ ಇರುತ್ತಿದ್ದ ಆ ದುಂಡು ಡಬ್ಬಿ. ಮೈಕ್ ಸ್ಟ್ಯಾಂಡಿನ ಬುಡ ನೋಡಿ ಆ ಆಕಾರ ಮಾಡಿದರಂತೆ. ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ನಾಬ್, ಅಷ್ಟೇ. ಇಷ್ಟಕ್ಕೆ ಇಷ್ಟು ದುಡ್ಡಾ ಎಂದು ಯಾರಾದರೂ ಕೇಳುತ್ತಾರೆ, ನಾನೂ ಕೇಳಿದ್ದೆ. ದುಡ್ಡು ಹೋಗುವುದು ಟ್ರಾನ್ಸಿಸ್ಟರ್ ಆರಿಸುವುದಕ್ಕೆ. ಹಳೇ ಜರ್ಮೇನಿಯಂ (ಸಿಲಿಕಾನ್‌ಗಿಂತ ಮುಂಚೆ ಬಳಸುತ್ತಿದ್ದ ಧಾತು) ಟ್ರಾನ್ಸಿಸ್ಟರ್ ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ಒಂದೇ ನಂಬರಿನ ಹತ್ತು ತೆಗೆದುಕೊಂಡರೆ ಹತ್ತಕ್ಕೂ ಗೇನ್ (ಎಷ್ಟು ಪಟ್ಟು ಹೆಚ್ಚಿಸುತ್ತದೆ ಎನ್ನುವ ಲೆಕ್ಕ) ಬೇರೆ, ಕೆಲವು ಸುಮ್ನೆ ಇದ್ದಾಗಲೂ ಕರೆಂಟ್ ಸೋರುತ್ತವೆ, ಅದಕ್ಕೇ ಒಂದೊಂದನ್ನೂ ಅಳೆದು, ಗೇನ್ ಕಡಿಮೆ ಇರುವುದನ್ನು ಮೊದಲಿಗೆ, ಜಾಸ್ತಿ ಇರುವುದನ್ನು ಎರಡನೆಯದಕ್ಕೆ ಜೋಡಿ ಮಾಡಬೇಕು. ನನ್ನ ಡಬ್ಬಿಯಲ್ಲಿ ಕೈಬರಹದ ಒಂದು ಚೀಟಿ ಇತ್ತು: ಗೇನ್ ಮೊದಲನೆಯದರದು 78, ಎರಡನೆಯದರದು 115. ಎರಡೂ ಎಸಿ128 ಎಂಬ ನಂಬರಿನ ಟ್ರಾನ್ಸಿಸ್ಟರ್. ಆ ಚೀಟಿ ಇನ್ನೂ ಗಿಟಾರ್ ಕೇಸಿನಲ್ಲಿದೆ.

ಸದ್ದಿನ ಬಗ್ಗೆ ಹೇಳಬೇಕೆಂದರೆ, ಫಝ್ ಪೂರ್ತಿ ಏರಿಸಿದಾಗ ಬರುವ ಆ ಉಣ್ಣೆಯಂಥ ದಪ್ಪ ಸದ್ದು ಚೆನ್ನಾಗಿದೆ. ಆದರೆ ನನಗೆ ಇದು ಬೇಕಾಗಿದ್ದೇ ಬೇರೆ ಕಾರಣಕ್ಕೆ. ಗಿಟಾರಿನ ವಾಲ್ಯೂಮ್ ನಾಬ್ 10ರಿಂದ 6ಕ್ಕೆ ಇಳಿಸಿ ನೋಡಿ. ಫಝ್ ಹೋಗಿ ಗಂಟೆ ಬಾರಿಸಿದ ಹಾಗೆ ಸ್ವಚ್ಛ ಸದ್ದು ಬರುತ್ತದೆ, ಪೆಡಲ್ ಆಫ್ ಮಾಡಿದ್ದಕ್ಕಿಂತ ಚೆಂದ. ಮೆಲ್ಲಗೆ ಮೀಟಿದರೆ ಮೆಲ್ಲಗೆ, ಜೋರಾಗಿ ಹೊಡೆದರೆ ಹರಿದ ಹಾಗೆ. ನಾಲ್ಕು ವರ್ಷದಲ್ಲಿ ಈ ಪೆಡಲನ್ನು ಕಾಲಲ್ಲಿ ಒತ್ತಿದ್ದಕ್ಕಿಂತ ಕಿರುಬೆರಳಲ್ಲಿ ಆಡಿಸಿದ್ದೇ ಜಾಸ್ತಿ. ಇದು ಸಿಗಬೇಕಾದರೆ ಗಿಟಾರಿನ ಕೇಬಲ್ ನೇರ ಇದಕ್ಕೇ ಬರಬೇಕು. ಮಧ್ಯೆ ಬಫರ್ (ಸಿಗ್ನಲ್‌ಗೆ ಬಲ ಕೊಡುವ ಸರ್ಕ್ಯೂಟ್) ಇರುವ ಪೆಡಲ್ ಇಟ್ಟರೆ, ಶ್ರುತಿ ನೋಡುವ ಟ್ಯೂನರ್ ಆದರೂ ಸರಿ, ಆ ಗುಣ ಸತ್ತೇ ಹೋಗುತ್ತದೆ.

ಇನ್ನು ತಕರಾರು. ನಮ್ಮ ಬ್ಯಾಂಡ್ ಬೆಂಗಳೂರಿನದು, ಅಲ್ಲಿ ಹತ್ತು ತಿಂಗಳು ಏನೂ ತೊಂದರೆ ಇರಲಿಲ್ಲ. ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲಿ ಒಂದು ಕಾರ್ಯಕ್ರಮ ಇತ್ತು, ಬಯಲು ಸ್ಟೇಜ್, ಸಂಜೆ ಐದಕ್ಕೆ ಸೌಂಡ್ ಚೆಕ್. ಪೆಡಲ್ ಒತ್ತಿದೆ. ಸ್ವರ ಶುರುವಾಗಿ ಅರ್ಧಕ್ಕೇ ಕತ್ತರಿಸಿ ಹೋಗುತ್ತಿತ್ತು, ಹಳೇ ರೇಡಿಯೊ ಸ್ಟೇಷನ್ ಸಿಗದೆ ಒದ್ದಾಡಿದ ಹಾಗೆ ಪುರಪುರ ಸದ್ದು. ಬ್ಯಾಟರಿ ಬದಲಿಸಿದೆ, ಕೇಬಲ್ ಬದಲಿಸಿದೆ, ಏನೂ ಆಗಲಿಲ್ಲ. ಆವತ್ತು ಫಝ್ ಇಲ್ಲದೇ ನುಡಿಸಿದೆ, ತುಂಬಾ ಬೇಜಾರಾಯಿತು.

ಬಳ್ಳಾರಿಯಲ್ಲೇ ನನ್ನ ಸೋದರಮಾವನ ರೇಡಿಯೊ ರಿಪೇರಿ ಅಂಗಡಿ ಇತ್ತು, ಈಗ ಮುಚ್ಚಿದ್ದಾರೆ. ರಾತ್ರಿ ಊಟ ಆದ ಮೇಲೆ ಪೆಡಲ್ ಬಿಚ್ಚಿ ತೋರಿಸಿದೆ. ಒಂದು ನೋಟ ನೋಡಿ, "ಇದು ಜರ್ಮೇನಿಯಂ ಅಲ್ಲೇನೋ? ಬಿಸಿಲಿಗಿಟ್ರೆ ಹಿಂಗೇ ಆಗೋದು ಮತ್ತೆ" ಎಂದರು. ಜರ್ಮೇನಿಯಂನಲ್ಲಿ ಸೋರುವ ಕರೆಂಟ್ ಸುಮಾರು ಪ್ರತಿ 10 ಡಿಗ್ರಿಗೆ ಎರಡರಷ್ಟಾಗುತ್ತದಂತೆ. 18 ಡಿಗ್ರಿ ಚಳಿಯ ಕೋಣೆಯಲ್ಲಿ ಹದ ಮಾಡಿದ್ದು 38 ಡಿಗ್ರಿಯಲ್ಲಿ ಹದವಾಗಿ ಇರಲು ಹೇಗೆ ಸಾಧ್ಯ, ಅಲ್ವಾ? ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಎಂಬ ಕಾಲಿನಲ್ಲಿ 9 ವೋಲ್ಟಿನ ಅರ್ಧ, ಅಂದರೆ 4.5ರ ಆಸುಪಾಸು ಇರಬೇಕು. ಮಾವ ಮೀಟರ್ ಇಟ್ಟರೆ ಅದರ ಹತ್ತಿರವೂ ಇರಲಿಲ್ಲ.

ವರ್ಕ್‌ಶಾಪ್‌ನವರಿಗೆ ಬರೆದೆ. ಎರಡೇ ದಿನದಲ್ಲಿ ಮರ್ಯಾದೆಯಿಂದ ಉತ್ತರ ಬಂತು, ಆದರೆ ಉತ್ತರ ಏನೆಂದರೆ ವಾಪಸ್ ಕಳಿಸಿ, ನೋಡುತ್ತೇವೆ ಎಂದು. ಹೋಗಿ ಬರುವ ಕೊರಿಯರ್, ಮೇಲೆ ಕಸ್ಟಮ್ಸ್. ಬಿಸಿಲಿನ ದೇಶಕ್ಕೆ ಕಳಿಸುವಾಗ ಶಾಖದ ಬಗ್ಗೆ ಒಂದು ಸಾಲು ಬರೆದಿದ್ದರೆ ಸಾಕಿತ್ತು. ನನ್ನ ತಕರಾರು ಇಷ್ಟೇ, ಆದರೆ ಇದು ಸಣ್ಣದಲ್ಲ.

ರಿಪೇರಿ ಮಾವನೇ ಮಾಡಿದರು. ಒಳಗಿನ 8.2 ಕಿಲೋ ಓಮ್ ರೆಸಿಸ್ಟರ್ ತೆಗೆದು ಆ ಜಾಗಕ್ಕೆ ಒಂದು ಪ್ರಿಸೆಟ್ ಬೆಸೆದರು, ಅಂದರೆ ತಿರುಗಿಸಿ ಆ ವೋಲ್ಟೇಜನ್ನು ಮತ್ತೆ ಹದಕ್ಕೆ ತರಬಹುದಾದ ರೆಸಿಸ್ಟರ್. ಹೊರಗಿನಿಂದಲೇ ಸ್ಕ್ರೂಡ್ರೈವರ್ ಹಾಕಿ ತಿರುಗಿಸಲು ಡಬ್ಬಿಗೆ ಒಂದು ತೂತು ಕೊರೆದರು. ಅದರ ಸುತ್ತ ಮಾರ್ಕರಿನಲ್ಲಿ ಎರಡು ಗುರುತು, ಒಂದು 'ಬೆಂ', ಒಂದು 'ಬ'. ಆಮೇಲೆ ಎರಡು ಸಲ ಬೇಸಿಗೆಯಲ್ಲಿ ಅಲ್ಲೇ ನುಡಿಸಿದ್ದೇನೆ. ಸ್ವರ ಕತ್ತರಿಸಲಿಲ್ಲ. ಆವತ್ತು ರಾತ್ರಿ ಮಾವ ಹೇಳಿದ ಇನ್ನೊಂದು ಮಾತು ನನಗೆ ಗೊತ್ತೇ ಇರಲಿಲ್ಲ: ನಮ್ಮ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1962ರಲ್ಲೇ ಜರ್ಮೇನಿಯಂ ಸೆಮಿಕಂಡಕ್ಟರ್ ತಯಾರಿ ಶುರು ಮಾಡಿತ್ತು. ನಾನು ಇಂಗ್ಲೆಂಡಿನಿಂದ ತರಿಸಿದ ವಸ್ತುವಿನ ಸೋದರಸಂಬಂಧಿಗಳು ಮಾವನ ಹಳೇ ಬಿಸ್ಕತ್ ಡಬ್ಬಿಯಲ್ಲಿ ಬಿದ್ದಿದ್ದವು!

ಉಳಿದದ್ದು ಬೇಗ ಹೇಳುತ್ತೇನೆ. ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ, ನುಡಿಸಿದ ಮೇಲೆ ಕೇಬಲ್ ಕಿತ್ತಿಡುವುದು ಮರೆಯಬಾರದು ಅಷ್ಟೇ. ಮಾಮೂಲಿ ಅಗ್ಗದ 9 ವೋಲ್ಟ್ ಬ್ಯಾಟರಿಯೇ ಸಾಕು. ಇದರಲ್ಲಿ ಪಾಸಿಟಿವ್ ಗ್ರೌಂಡ್ (ಬ್ಯಾಟರಿಯ ಪ್ಲಸ್ ಕಡೆ ಗ್ರೌಂಡಿಗೆ, ಮಾಮೂಲಿ ಪೆಡಲ್‌ಗಳಿಗೆ ಉಲ್ಟಾ) ಆದ್ದರಿಂದ ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರಿಗೆ ಸಿಕ್ಕಿಸಬೇಡಿ, ಶಾರ್ಟ್ ಆಗುತ್ತದೆ. ಮೂರನೇ ವರ್ಷ ಕಾಲಿನ ಸ್ವಿಚ್ ಕೈಕೊಟ್ಟಿತು, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅದೇ ಅಳತೆಯದು ಸಿಕ್ಕಿತು. ಬೆಸುಗೆ ಇವತ್ತಿಗೂ ಒಂದೂ ಬಿಟ್ಟಿಲ್ಲ.

ಹಾಗಾದರೆ ಕೊಳ್ಳಬಹುದಾ? ಗಿಟಾರಿನ ನಾಬ್ ಮುಟ್ಟದೇ ನುಡಿಸುವವರಾದರೆ ಸಿಲಿಕಾನ್ ಫಝ್ ಸಾಕು, ಅದು ಬಿಸಿಲಿಗೆ ಇಷ್ಟು ಹೆದರುವುದಿಲ್ಲ, ಬೆಲೆಯೂ ಕಡಿಮೆ. ಆ ಸ್ವಚ್ಛ ಸದ್ದು ಬೇಕೇ ಬೇಕು ಎನ್ನುವವರು ಜರ್ಮೇನಿಯಮ್ಮೇ ತೆಗೆದುಕೊಳ್ಳಿ. ಆದರೆ ದುಡ್ಡು ಕಳಿಸುವ ಮುಂಚೆ, ಹೊರಗಿನಿಂದ ತಿರುಗಿಸುವ ಬಯಾಸ್ ನಾಬ್ (ಮಾವ ಹಾಕಿದ ಪ್ರಿಸೆಟ್‌ನ ಕೆಲಸ ಮಾಡುವಂಥದ್ದು) ಹಾಕಿ ಕೊಡುತ್ತೀರಾ ಎಂದು ಕೇಳಿ. ನಿಮ್ಮ ಊರಿನ ಏಪ್ರಿಲ್ ತಿಂಗಳ ಶಾಖ ಎಷ್ಟೆಂದೂ ಬರೆದು ತಿಳಿಸಿ.