ಜೀವನ ಪ್ರಮಾಣಪತ್ರ: ಮೊಬೈಲು, ಬ್ಯಾಂಕಿನ ಶಾಖೆ, ಪೋಸ್ಟ್‌ಮನ್ – ಅಮ್ಮನಿಗೆ ಒದಗಿದ್ದು ಯಾವುದು?

ಕೇಂದ್ರ ಸರಕಾರದ ಪಿಂಚಣಿದಾರರು ತಾವು ಬದುಕಿರುವುದನ್ನು ದೃಢಪಡಿಸುವ ಜೀವನ ಪ್ರಮಾಣಪತ್ರವನ್ನು ಪ್ರತಿ ನವೆಂಬರಿನಲ್ಲಿ ಒಪ್ಪಿಸಬೇಕು. ಎಂಬತ್ತು ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ. ರೈಲ್ವೆಯಲ್ಲಿದ್ದ ತಂದೆಯವರು ತೀರಿಕೊಂಡ ಬಳಿಕ ಕುಟುಂಬ ಪಿಂಚಣಿ ಅಮ್ಮನ ಹೆಸರಿಗೆ ಬರುತ್ತಿದೆ. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆ ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದು, ಅವರನ್ನು ಇಳಿಸಿ ಹತ್ತಿಸುವುದೇ ಅರ್ಧ ದಿನದ ಕೆಲಸವಾದ್ದರಿಂದ, ಈ ಒಂದು ಪತ್ರಕ್ಕಾಗಿ ಇರುವ ದಾರಿಗಳನ್ನೆಲ್ಲ ಬೇರೆ ಬೇರೆ ವರ್ಷ ಬಳಸಿ ನೋಡಿದ್ದೇವೆ. ಡಿಜಿಟಲ್ ದಾರಿಗಳೆಲ್ಲ ಕೊನೆಗೆ ಸೇರುವುದು 2014ರ ನವೆಂಬರ್ 10ರಂದು ಆರಂಭವಾದ, ಆಧಾರ್ ಆಧಾರಿತ ‘ಜೀವನ್ ಪ್ರಮಾಣ್’ ವ್ಯವಸ್ಥೆಯನ್ನೇ. ಯಂತ್ರ ಒಂದೇ, ನಮೂನೆ ಒಂದೇ. ಹೀಗಿದ್ದೂ ನಮಗಾದ ಅನುಭವಗಳು ಒಂದನ್ನೊಂದು ಹೋಲುವುದಿಲ್ಲ.

ಮೊಬೈಲಿನ ಮುಖ ದೃಢೀಕರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2021ರಲ್ಲಿ ಬಂದ ಈ ಸೌಲಭ್ಯಕ್ಕೆ ಶುಲ್ಕವಿಲ್ಲ, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಕುಳಿತು ಕಣ್ಣು ಮಿಟುಕಿಸಿದರೆ ಕೆಲಸ ಮುಗಿಯುತ್ತದೆ. ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಯಾದ ವರ್ಷ ಮಾತ್ರ ಅದು ಪದೇಪದೇ ನಿರಾಕರಿಸಿತು, ಏಕೆಂದು ಕೇಳಲು ಎದುರಿಗೆ ಯಾರೂ ಇರಲಿಲ್ಲ. ಮನೆಯಲ್ಲಿ ಮೊಬೈಲು ತಿಳಿದವರಿದ್ದು, ಆರೋಗ್ಯ ಚೆನ್ನಾಗಿದ್ದರೆ ಇದಕ್ಕಿಂತ ಸುಲಭವಾದದ್ದಿಲ್ಲ.

ಬ್ಯಾಂಕಿನ ಶಾಖೆಯ ಮಾತು ಬೇರೆ, ಅಲ್ಲಿ ಎಲ್ಲವೂ ಕೌಂಟರಿನ ಹಿಂದೆ ಕುಳಿತವರನ್ನು ಅವಲಂಬಿಸಿದೆ. ಯಂತ್ರದ ಮೇಲೆ ಬೆರಳೊತ್ತಿದಾಗ ಅದು ಆಧಾರಿನಲ್ಲಿರುವ ಬೆರಳಚ್ಚಿಗೆ ಹೊಂದಬೇಕು, ಆದರೆ ವಯಸ್ಸಾದಂತೆ ಬೆರಳಿನ ಗೆರೆಗಳು ಸವೆಯುತ್ತವೆ, ಚರ್ಮ ಒಣಗುತ್ತದೆ. ಜೀವಮಾನವಿಡೀ ಪಾತ್ರೆ ತಿಕ್ಕಿ, ತೆಂಗಿನಕಾಯಿ ತುರಿದ ಕೈಗಳಿಗೆ ಇದು ಇನ್ನೂ ಬೇಗ ಆಗುತ್ತದೆ. ಒಂದು ವರ್ಷ ಅಮ್ಮನ ಬೆರಳನ್ನು ಯಂತ್ರ ಒಪ್ಪದಿದ್ದಾಗ ಕೌಂಟರಿನ ನೌಕರ ತಲೆಯೆತ್ತದೆ, ಮರಾಠಿಯಲ್ಲಿ ‘ಉದ್ಯಾ ಯಾ’ (ನಾಳೆ ಬನ್ನಿ) ಎಂದುಬಿಟ್ಟರು. ನಾಳೆ ಬಂದರೆ ಬೆರಳಿನ ಗೆರೆ ಮರಳಿ ಮೂಡುವುದೇ ಎಂದು ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಎಪ್ಪತ್ತು ವರ್ಷ ದಾಟಿದವರಿಗೆ ಮನೆಬಾಗಿಲಲ್ಲೇ ಈ ಸೇವೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು 2017ರ ನವೆಂಬರಿನಲ್ಲೇ ಸುತ್ತೋಲೆ ಹೊರಡಿಸಿರುವುದನ್ನು ನೆನಪಿಸಿದಾಗ ‘ಸ್ಟಾಫ್ ಇಲ್ಲ’ ಎಂಬ ಮಾತು ಕೇಳಿಬಂತು. ನವೆಂಬರಿನ ನೂಕುನುಗ್ಗಲಿನಲ್ಲಿ ಅದು ಸುಳ್ಳಿರಲಿಕ್ಕಿಲ್ಲ ಎಂದು ಒಪ್ಪುತ್ತೇನೆ.

ಮರುವರ್ಷ ಅದೇ ಶಾಖೆಯಲ್ಲಿ, ಅದೇ ಯಂತ್ರದ ಮುಂದೆ, ಬೇರೊಬ್ಬ ಮಹಿಳಾ ಅಧಿಕಾರಿ ಇದ್ದರು. ಬೆರಳು ಮತ್ತೆ ಹೊಂದಲಿಲ್ಲ. ಅವರು ‘ಆಜಿ, ತುಮ್ಹಿ ಬಸಾ’ (ಅಜ್ಜಿ, ನೀವು ಕುಳಿತುಕೊಳ್ಳಿ) ಎಂದು ತಮ್ಮ ಪಕ್ಕದ ಕುರ್ಚಿಯನ್ನೇ ಎಳೆದು ಕೊಟ್ಟು, ಡ್ರಾಯರಿನಿಂದ ಕಾಗದದ ನಮೂನೆ ತೆಗೆದು ತುಂಬಿಸಿ, ತಾವೇ ಸಹಿ ಮಾಡಿ ಮೊಹರು ಒತ್ತಿದರು. ಪಿಂಚಣಿದಾರರು ಖುದ್ದಾಗಿ ಹಾಜರಾದರೆ ಬ್ಯಾಂಕಿನ ಅಧಿಕಾರಿ ಕಾಗದದ ಮೇಲೆಯೇ ದೃಢೀಕರಿಸಲು ಮೊದಲಿನಿಂದಲೂ ಅವಕಾಶವಿದೆ. ಆಕೆ ನಿಯಮ ಮೀರಲಿಲ್ಲ, ನಿಯಮದಲ್ಲಿ ಮುದುಕಿಗೆ ಅನುಕೂಲವಾಗುವ ಭಾಗ ಎಲ್ಲಿದೆಯೆಂದು ತಿಳಿದಿದ್ದರು, ಅಷ್ಟೇ. ಹೊರಡುವಾಗ ನಮೂನೆ ತಲುಪಿದ ರಸೀದಿಯನ್ನು ನಾವು ಕೇಳುವ ಮೊದಲೇ ಕೈಗಿತ್ತರು.

ಸಿಹಿಯಾಗಿ ಮಾತನಾಡುವುದೇ ಕಾಳಜಿಯೆಂದು ತಿಳಿಯುವವರಿಗಾಗಿ ನಡುವೆ ಒಂದು ಪ್ರಸಂಗ ಹೇಳಬೇಕು. ಖಾಸಗಿ ಕೇಂದ್ರವೊಂದರಿಂದ ಮನೆಗೆ ಬಂದ ತರುಣನೊಬ್ಬ ಮಾತುಮಾತಿಗೂ ‘ಮೇಡಂ’ ಎನ್ನುತ್ತ, ಅಮ್ಮನ ಆರೋಗ್ಯ ವಿಚಾರಿಸುತ್ತ, ಹತ್ತೇ ನಿಮಿಷದಲ್ಲಿ ಎಲ್ಲ ಮುಗಿಸಿ ಹೋದ. ಖಾತೆಯ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಾಗಿದ್ದು ಪತ್ರ ತಿರಸ್ಕೃತವಾದದ್ದು ತಿಳಿದಾಗ ಅವನ ಫೋನು ಎತ್ತುವವರಿರಲಿಲ್ಲ.

ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕು 2020ರಲ್ಲಿ ಆರಂಭಿಸಿದ ಮನೆಬಾಗಿಲ ಸೇವೆಗೆ ನಾವು ಕೊಟ್ಟ ಶುಲ್ಕ 70 ರೂಪಾಯಿ. ಪೋಸ್ಟ್‌ಮನ್ ಬರುವ ಮೊದಲು ಫೋನು ಮಾಡಿ, ಆಜಿ ಮಧ್ಯಾಹ್ನ ಮಲಗುವ ಹೊತ್ತು ಯಾವುದೆಂದು ಕೇಳಿಕೊಂಡರು. ಮೊದಲ ಬೆರಳು ಹೊಂದದಿದ್ದಾಗ ಉಗುರುಬೆಚ್ಚನೆಯ ನೀರು ತರಿಸಿ, ಕೈ ತೊಳೆಸಿ ಒರೆಸಿ, ಹೆಬ್ಬೆರಳು ಬಿಟ್ಟು ಉಂಗುರಬೆರಳಿನಲ್ಲಿ ಪ್ರಯತ್ನಿಸಿದರು, ಅದು ಹೊಂದಿತು. ಪಿಂಚಣಿ ಆದೇಶದ ಸಂಖ್ಯೆಯನ್ನೂ ಖಾತೆಯ ಸಂಖ್ಯೆಯನ್ನೂ ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಿ ನನ್ನಿಂದ ಹೌದೆನ್ನಿಸಿಕೊಂಡರು.

ಆ ನಮೂನೆಯಲ್ಲಿ ಒಂದು ಪ್ರಶ್ನೆಯಿದೆ: ಪಿಂಚಣಿದಾರರು ಮರುಮದುವೆಯಾಗಿದ್ದಾರೆಯೇ? ಕುಟುಂಬ ಪಿಂಚಣಿಗೆ ಸಂಬಂಧಿಸಿದ್ದಾದ್ದರಿಂದ ಅದನ್ನು ಬಿಡುವಂತಿಲ್ಲ. ಹಿಂದೊಮ್ಮೆ ಶಾಖೆಯ ಸಾಲಿನಲ್ಲಿ ಹತ್ತಾರು ಜನರ ನಡುವೆ ಇದನ್ನು ಕೂಗಿ ಕೇಳಿದ್ದರು, ಹಿಂದಿದ್ದವರು ನಕ್ಕಿದ್ದರು, ಅಮ್ಮ ಮನೆಗೆ ಬರುವವರೆಗೆ ಮಾತನಾಡಿರಲಿಲ್ಲ. ಸ್ಟಾಫ್ ಇಲ್ಲದಿರುವುದು ಇದಕ್ಕೆ ಸಮಜಾಯಿಷಿಯಾಗದು. ಪೋಸ್ಟ್‌ಮನ್ ಆ ಸಾಲು ಬಂದಾಗ ಪರದೆಯನ್ನು ಅಮ್ಮನ ಕಡೆ ತಿರುಗಿಸಿ, ಸರಕಾರದ ಪ್ರಶ್ನೆ, ತಾನು ಕೇಳಲೇಬೇಕು, ಬೇಸರ ಮಾಡಿಕೊಳ್ಳಬಾರದು ಎಂದು ಮೆಲ್ಲಗೆ ಹೇಳಿದರು. ಅಮ್ಮ ನಗುತ್ತ ‘ಇಲ್ಲ ಅಂತ ಬರಿಯಪ್ಪಾ’ ಎಂದರು. ಪ್ರಮಾಣಪತ್ರದ ಸಂಖ್ಯೆ ಎಸ್‌ಎಂಎಸ್‌ನಲ್ಲಿ ಬರುವವರೆಗೂ ಅವರು ಎದ್ದು ಹೋಗಲಿಲ್ಲ.

ಅಮ್ಮ ಅವರಿಗೆ ಬೆಲ್ಲ-ನೀರು ಕೊಟ್ಟು, ಊರಿನ ಪಿಗ್ಮಿಯವರ ಸುದ್ದಿ ತೆಗೆದರು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಮನೆಮನೆಗೆ ಏಜೆಂಟರನ್ನು ಕಳುಹಿಸಿ ದಿನಕ್ಕೆ ಎರಡಾಣೆಯಂತೆ ‘ಪಿಗ್ಮಿ’ ಎಂಬ ಉಳಿತಾಯ ಸಂಗ್ರಹಿಸತೊಡಗಿತ್ತು. ಆ ಸೀಮೆಯಲ್ಲಿ ಬೆಳೆದವರಿಗೆ ಬ್ಯಾಂಕಿನ ಮನುಷ್ಯ ಜಗಲಿಗೆ ಬರುವುದು ಉಪಕಾರವೆಂದಲ್ಲ, ವಾಡಿಕೆಯೆಂದೇ ತೋರುತ್ತದೆ.

ನನ್ನ ಆಯ್ಕೆ ಕೇಳಿದರೆ, ಅಮ್ಮನಿಗೆ ಪೋಸ್ಟ್‌ಮನ್, ಮುಂದೆ ನನಗೆ ಮೊಬೈಲು. ಆದರೆ ಪಿಂಚಣಿ ನಿಂತುಹೋದರೆ, ಖಾತೆಯ ವಿವರ ತಿದ್ದಬೇಕಾದರೆ, ಪೋಸ್ಟ್‌ಮನ್ನಿನಿಂದಲೂ ಮೊಬೈಲಿನಿಂದಲೂ ಏನೂ ಆಗುವುದಿಲ್ಲ, ಶಾಖೆಗೇ ಹೋಗಬೇಕು. ಆ ಮಹಿಳಾ ಅಧಿಕಾರಿ ಈಗ ವರ್ಗವಾಗಿ ಪಕ್ಕದ ಕಲ್ಯಾಣ ಊರಿನ ಶಾಖೆಯಲ್ಲಿದ್ದಾರೆಂದು ತಿಳಿದು, ಖಾತೆಯನ್ನೂ ಅಲ್ಲಿಗೇ ಒಯ್ಯೋಣವೇ ಎಂದು ಅಮ್ಮ ಕೇಳುತ್ತಿದ್ದಾರೆ. ಬರೀ ಪ್ರಮಾಣಪತ್ರಕ್ಕಾದರೆ ಅದರ ಅಗತ್ಯವಿಲ್ಲ, ಪಿಂಚಣಿ ಕೊಡುವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಒಪ್ಪಿಸಬಹುದು ಎಂದು ಹೇಳಿದ್ದೇನೆ.